ಶೇಂಗಾದ ಹೊಲದಲ್ಲಿ ಕಲಿತ ಕೊಡುಕೊಳೆ

ಧಾರವಾಡ ಸೀಮೆಯ ಮುಂಗಾರಿನ ಎಡೆಬಿಡದ ಜಿಟಿಮಳೆಯೂ, ಮೋಡ ಕವಿದ ಹಗಲೂ, ಎಲೆಯ ಮೇಲೆ ಆರದೆ ನಿಲ್ಲುವ ತೇವವೂ ಶೇಂಗಾ ಬೆಳೆಯುವ ರೈತನಿಗೆ ತುಕ್ಕುರೋಗವನ್ನೂ ಎಲೆಚುಕ್ಕೆಯನ್ನೂ ತಂದೊಡ್ಡುವುವಾದರೂ, ಆ ರೋಗಗಳನ್ನು ತಡೆಯಬಲ್ಲ ತಳಿಯನ್ನು ಅರಸುವ ಸಂಶೋಧಕನಿಗೆ ಅಮೂಲ್ಯವಾದ ಪರೀಕ್ಷಾಸಾಧನಗಳಾಗುತ್ತವೆ. ಆದುದರಿಂದಲೇ ದೂರದ ಕೇಂದ್ರಗಳವರು ತಮ್ಮ ತಳಿಗಳ ಬೀಜವನ್ನು ಕಾಗದದ ಲಕೋಟೆಗಳಲ್ಲಿ ತುಂಬಿ ಇಲ್ಲಿಗೆ ಕಳುಹುವುದುಂಟು. ಅವನ್ನು ಬಿತ್ತಿ, ರೋಗಕ್ಕೆ ಬೇಗನೆ ತುತ್ತಾಗುವ ಟಿ.ಎಂ.ವಿ. 2ರಂತಹ ತಳಿಯ ಸಾಲುಗಳನ್ನು ನಡುನಡುವೆ ಬೆಳೆಸಿ ಸೋಂಕು ಸಮನಾಗಿ ಹರಡುವಂತೆ ಮಾಡಿ, 1ರಿಂದ 9ರವರೆಗಿನ ಅಂಕಗಳಲ್ಲಿ ಎಲೆಗಳ ಸ್ಥಿತಿಯನ್ನು ಬರೆದಿಡುವ ಕಾರ್ಯದಲ್ಲಿ ನನ್ನ ವೃತ್ತಿಜೀವನದ ಬಹುಭಾಗ ಕಳೆಯಿತು. ವಿಜ್ಞಾನಿಗಳ ಪರಸ್ಪರ ಸಹಾಯವೆಂಬುದನ್ನು ನಾನು ಬಲ್ಲುದು ಆ ಲಕೋಟೆಗಳ ಮೂಲಕವೇ.

ಈ ನೆಲದಲ್ಲಿ ಅದು ಹೊಸತೇನೂ ಅಲ್ಲ. ಬಿ.ಎಚ್. ಕಟರಕಿಯವರು ಧಾರವಾಡದಲ್ಲಿ ಸಿದ್ಧಪಡಿಸಿದ, 1972ರಲ್ಲಿ ರೈತರ ಕೈಗೆ ಬಂದ ವರಲಕ್ಷ್ಮಿ ಹತ್ತಿಯ ತಾಯಿ ನಮ್ಮ ಲಕ್ಷ್ಮಿಯಾದರೆ, ತಂದೆ ಸೋವಿಯತ್ ದೇಶದಿಂದ ಬಂದ ಎಸ್.ಬಿ. 289ಇ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆರೆಹಿಡಿದುದು ಇಲ್ಲಿಯ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ. 4 ಎಂಬ ಶೇಂಗಾ ತಳಿಯ ವಂಶಾವಳಿ. ಅದರ ಒಂದು ಪಾರ್ಶ್ವದಲ್ಲಿ ಬೇಗ ಮಾಗುವ ಕೆ.ಆರ್.ಜಿ. 1, ಇನ್ನೊಂದರಲ್ಲಿ ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಐ.ಸಿ.ಜಿ.ವಿ. 86855, ಅದರ ಬೆನ್ನಿಗೆ 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನಡೆದ ಸಂಕರ, ಅದಕ್ಕೂ ಹಿಂದೆ ಬೊಲಿವಿಯಾದ ನೆಲದಲ್ಲಿ ತಾನಾಗಿ ಬೆಳೆದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡುಶೇಂಗಾ. ಬೆಳೆಯ ಶೇಂಗಾಕ್ಕೆ 40 ವರ್ಣತಂತುಗಳು, ಕಾಡಿನದಕ್ಕೆ 20. ಇವುಗಳ ನೇರ ಸಂಕರದಿಂದ ಹುಟ್ಟಿದ ಗಿಡ ಬಂಜೆ. ಅದರ ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ತಲೆಮಾರಿನಿಂದ ತಲೆಮಾರಿಗೆ ಆಯ್ದು, ಬೆಳೆಗೆ ಒಗ್ಗುವಂತೆ ಮಾಡಿದ ಆ ದೀರ್ಘಶ್ರಮದ ಫಲವನ್ನು ನಾರ್ತ್ ಕ್ಯಾರೊಲಿನಾದವರು ತಮ್ಮ ಪೆಟ್ಟಿಗೆಯಲ್ಲಿಯೇ ಇರಿಸಿಕೊಂಡಿದ್ದರೆ ನಮ್ಮ ಹೊಲದ ಎಲೆ ಹಸಿರಾಗಿ ಉಳಿಯುತ್ತಿರಲಿಲ್ಲ. ನಾನಾ ದೇಶಗಳ ವಿಜ್ಞಾನಿಗಳು ಒಡಗೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆ ಕಾಡುಗಿಡದ ವರ್ಣತಂತುಗಳ ತುಣುಕುಗಳು ಹಲವು ಖಂಡಗಳ ಶೇಂಗಾ ತಳಿಗಳಲ್ಲಿ ಹರಡಿರುವುದನ್ನು ಸಪ್ರಮಾಣವಾಗಿ ತೋರಿಸಿತು.

ಪಡೆದುದು ಮರಳಿದ ಬಗೆ ಇನ್ನೂ ಸೊಗಸಾದುದು. ಟ್ರಾಂಬೆಯಲ್ಲಿ ರೂಪುಗೊಂಡ ಟ್ಯಾಗ್ 24 ಎಂಬ ಶೇಂಗಾ ತಳಿಯೊಡನೆ ಜಿ.ಪಿ.ಬಿ.ಡಿ. 4ನ್ನು ಸಂಕರಗೊಳಿಸಿ ಪಡೆದ ಸಂತತಿಯನ್ನು ಧಾರವಾಡದ ಮಳೆಯಲ್ಲಿ ರೋಗಕ್ಕೊಡ್ಡಿ ಅಂಕ ಹಾಕಲಾಯಿತು. ಅದೇ ಸಂತತಿಯ ಡಿ.ಎನ್.ಎ. ಪರಿಶೀಲನೆ ಪಟಾಂಚೆರುವಿನಲ್ಲಿ ನಡೆಯಿತು. ಎರಡೂ ಕೂಡಿದಾಗ ತುಕ್ಕನ್ನು ತಡೆಯುವ ಗುಣ ವರ್ಣತಂತುವಿನ ಯಾವ ಎಡೆಯಲ್ಲಿದೆಯೆಂಬುದು ಗೊತ್ತಾಗಿ, ಆ ಗುಣವನ್ನು ಜಿ.ಪಿ.ಬಿ.ಡಿ. 4ರಿಂದ ಪಟಾಂಚೆರುವಿನವರು ಬೇರೆ ತಳಿಗಳಿಗೆ ಸೇರಿಸಿದರು. ನಮ್ಮಲ್ಲಿ ಅವರ ಯಂತ್ರಗಳಿರಲಿಲ್ಲ, ಅವರಲ್ಲಿ ನಮ್ಮ ಮಳೆಯಿರಲಿಲ್ಲ. ಹಣದ ಲೆಕ್ಕಕ್ಕೆ ಸಿಲುಕದ ಇಂತಹ ವಿನಿಮಯದಲ್ಲಿ ಕೊಟ್ಟವನು ದೊಡ್ಡವನು, ಪಡೆದವನು ಚಿಕ್ಕವನು ಎಂಬ ಭೇದಕ್ಕೆ ಎಡೆಯೇ ಇಲ್ಲ.

ಹಾಗೆಂದು ಲಕೋಟೆ ಬಂದಮಾತ್ರಕ್ಕೆ ಕಾರ್ಯ ಮುಗಿಯದು. ಒಂದು ಸಂಸ್ಥೆಯಿಂದ ಬಂದ ಬೀಜದ ಮೇಲೆ ಬರಿಯ ಸಂಖ್ಯೆಯಿತ್ತು. ಸಂಕರದ ವಿವರವಿಲ್ಲ, ಬೆಳೆದ ಹಂಗಾಮಿನ ಉಲ್ಲೇಖವಿಲ್ಲ, ಕೇಳಿ ಬರೆದ ಕಾಗದಗಳಿಗೆ ಉತ್ತರವಿಲ್ಲ. ನಾವು ಹಾಕಿದ ಅಂಕಗಳು ಅದರಿಂದ ನಿರರ್ಥಕವಾದವು. ಅಂದಿನಿಂದ ನಾನು ಕಳುಹಿದ ಪ್ರತಿಯೊಂದು ಲಕೋಟೆಯೊಳಗೂ ತಾಯಿತಂದೆಗಳ ಹೆಸರು, ಮೂಲವನ್ನು ಕೊಟ್ಟವರ ಹೆಸರು, ಕೊಯ್ಲಿನ ವರ್ಷ ಇವುಗಳನ್ನು ಸೀಸದಕಡ್ಡಿಯಿಂದಲೇ ಬರೆದ ಚೀಟಿಯನ್ನು ಇಡುತ್ತ ಬಂದೆನು. ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ. ಪಡೆದ ಬೀಜದ ಫಲಿತಾಂಶ ಕೆಟ್ಟದಾಗಿದ್ದರೂ ಕೊಟ್ಟವರಿಗೆ ತಪ್ಪದೆ ತಿಳಿಸಿದೆನು, ಏಕೆಂದರೆ ಸೋತ ತಳಿಯ ಅಂಕವೂ ಇನ್ನೊಬ್ಬನ ಒಂದು ಹಂಗಾಮನ್ನು ಉಳಿಸುತ್ತದೆ. ಶುಲ್ಕ ಕೊಟ್ಟು ಪಡೆಯುವ ಸೇವೆಯಲ್ಲಿಯೂ ನಾನು ಕಂಡುದು ಇದನ್ನೇ: ಎಣ್ಣೆಯ ಮಾದರಿಯನ್ನು ಉಪಕರಣ ಕೇಂದ್ರದಲ್ಲಿ ಒಪ್ಪಿಸಿ ಬರುವವನಿಗೆ ಅಂಕಿಗಳು ದೊರೆಯುತ್ತವೆ, ಯಂತ್ರ ನಡೆಸುವವರೊಡನೆ ಕುಳಿತು ತನ್ನ ಪ್ರಶ್ನೆಯನ್ನು ವಿವರಿಸುವವನಿಗೆ ಆ ಅಂಕಿಗಳ ಅರ್ಥವೂ ದೊರೆಯುತ್ತದೆ.

ಇಂದು ಬೀಜದೊಡನೆ ಕರಾರುಪತ್ರವೂ ಸಂಚರಿಸಬೇಕು. ಆಹಾರ ಬೆಳೆಗಳ ಸಸ್ಯಸಂಪತ್ತನ್ನು ಕುರಿತು 2004ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದವೂ, ನಮ್ಮ ದೇಶದ 2002ರ ಜೀವವೈವಿಧ್ಯ ಕಾಯಿದೆಯೂ ಮೂಲದ ನಾಡಿಗೆ ಸಲ್ಲಬೇಕಾದ ಪಾಲನ್ನು ನೆನಪಿಸುತ್ತವೆ. ಕಾಡುಶೇಂಗಾವನ್ನು ತನ್ನ ನೆಲದಲ್ಲಿ ಉಳಿಸಿಕೊಂಡ ಬೊಲಿವಿಯಾದ ಜನರನ್ನು ನೆನೆದಾಗ ಆ ನ್ಯಾಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ಒಪ್ಪಂದದಲ್ಲಿ ಸುಲಭ ವಿನಿಮಯಕ್ಕೆಂದು ಹೆಸರಿಸಿದ ಬೆಳೆಗಳ ಪಟ್ಟಿಯಲ್ಲಿ ಗೋದಿ, ಜೋಳ, ಕಡಲೆಗಳಿದ್ದು ಶೇಂಗಾ ಇಲ್ಲ. ಇಕ್ರಿಸ್ಯಾಟಿನ ಭಂಡಾರ ತನ್ನಲ್ಲಿರುವ ಶೇಂಗಾ ಸಂಗ್ರಹವನ್ನು ಅದೇ ಮಾದರಿಯ ಕರಾರಿನಲ್ಲಿ ಹಂಚುತ್ತಿರುವುದರಿಂದ ನಮ್ಮ ಕೆಲಸ ಇನ್ನೂ ನಿಂತಿಲ್ಲ. ಹೊಸದಾಗಿ ಸಂಗ್ರಹಿಸಬೇಕಾದ ಕಾಡುಜಾತಿಗಳಿಗೆ ಆ ಆಸರೆಯಿಲ್ಲ. ಶೇಂಗಾವನ್ನು ಆ ಪಟ್ಟಿಗೆ ಸೇರಿಸಲು ನಮ್ಮ ದೇಶವೇ ಮುಂದಾಗಿ ಒತ್ತಾಯಿಸಬೇಕು. ಈ ವಿನಿಮಯದಿಂದ ಇಷ್ಟೊಂದು ಪಡೆದ ಧಾರವಾಡದ ಸಂಶೋಧಕರು ಆ ಮಾತನ್ನು ದಿಲ್ಲಿಯವರೆಗೆ ಒಯ್ಯಬೇಕು.