ಒಂದೇ ಮನೆಯಲ್ಲಿ ಇಬ್ಬರು ಕೊಟ್ರೇಶರು

ಕೊಟ್ಟೂರು

ಮಗಳೇ,

ಇಲ್ಲಿ ಎಲ್ಲರೂ ಕ್ಷೇಮ. ಮೋಡ ಕವಿದರೆ ನಿನ್ನ ದೊಡ್ಡಮ್ಮನ ಮೊಣಕಾಲು ನೋವು ಏಳುತ್ತದೆ, ಅಷ್ಟೇ. ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅಳುವುದೊಂದು ಬಾಕಿ ಇತ್ತು. ಹಗರಿಬೊಮ್ಮನಹಳ್ಳಿಯ ನಿನ್ನ ಅಂಗಡಿಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ ‘ಆಫ್‌ಲೈನ್’ ಅನ್ನುತ್ತದೆ, ಪಹಣಿಗೆ ಬಂದವರು ಬಾಗಿಲಲ್ಲಿ ಗೊಣಗುತ್ತಾರೆ, ರಿಪೇರಿಯವನು ಬಂದು ಐದು ನಿಮಿಷ ಏನೋ ಒತ್ತಿ ಮುನ್ನೂರು ರೂಪಾಯಿ ಇಸಕೊಂಡು ಹೋಗುತ್ತಾನೆ. ಬಾಯಲ್ಲಿ ಹೇಳಿದರೆ ನಿನಗೆ ಅರ್ಧ ಮರೆತುಹೋಗುತ್ತದೆ. ಬರೆದುಕೊಟ್ಟರೆ ಗಲ್ಲಾಪೆಟ್ಟಿಗೆಯಲ್ಲಾದರೂ ಇರುತ್ತದೆ ಎಂದು ಕೂತು ಬರೆಯುತ್ತಿದ್ದೇನೆ.

ಪ್ರಿಂಟರ್ ಕೆಟ್ಟಿಲ್ಲ ತಾಯಿ. ಅದರ ನಂಬರು ಬದಲಾಗಿದೆ. ಕಂಪ್ಯೂಟರು ಹಳೆಯ ನಂಬರಿಗೇ ಕೂಗುತ್ತಾ ಕೂತಿದೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆ ಬೆಳ್ಳಗಾದವನಿಗೆ ಇದು ತೀರ ಹೊಸ ವಿದ್ಯೆಯಲ್ಲ. ನಮ್ಮ ಕಾಲದ ಎಸ್‌ಟಿಡಿ ಕೋಡ್ ನೆನಪಿದೆಯಾ? ಕೂಡ್ಲಿಗಿಗೆ 08391, ನಿಮ್ಮ ಊರಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ಕೊಟ್ಟೂರಿಗೂ ಕೂಡ್ಲಿಗಿಗೂ ಒಂದೇ ಕೋಡ್. ಆದ್ದರಿಂದ ಇಲ್ಲಿಂದ ಕೂಡ್ಲಿಗಿಗೆ ಬರೀ ನಂಬರು ತಿರುಗಿಸಿದರೆ ಸಾಕಿತ್ತು. ನಿಮ್ಮ ಅಪ್ಪನಿಗೆ ಮಾಡಬೇಕಾದರೆ ಮಾತ್ರ ಮೊದಲು ಸೊನ್ನೆಯಿಂದ ಶುರುವಾಗುವ ಕೋಡ್ ಸೇರಿಸಬೇಕಿತ್ತು. ಪ್ರಿಂಟರಿನ ನಂಬರು ಅಂದೆನಲ್ಲ, ಆ ಐಪಿ ವಿಳಾಸದಲ್ಲೂ ಇದೇ ಸಂಗತಿ. 192.168.1.20 ಅಂತ ನಾಲ್ಕು ಅಂಕಿ ಇರುತ್ತದಲ್ಲ, ಅದರಲ್ಲಿ ಕೋಡ್ ಎಲ್ಲಿಯವರೆಗೆ, ಮನೆ ನಂಬರು ಎಲ್ಲಿಂದ ಎಂದು ಹೇಳುವುದೇ ಸಬ್‌ನೆಟ್ ಮಾಸ್ಕ್. 255.255.255.0 ಎಂದರೆ ಮೊದಲ ಮೂರು ಅಂಕಿ ಕೋಡ್, ಕೊನೆಯದು ಮನೆ ನಂಬರು. ಮೊದಲ ಮೂರೂ ಹೊಂದಿದರೆ ‘ಇವನು ನಮ್ಮ ಓಣಿಯವನೇ’ ಎಂದು ಕಂಪ್ಯೂಟರು ನೇರವಾಗಿ ಕೂಗುತ್ತದೆ. ಹೊಂದದಿದ್ದರೆ ಗೇಟ್‌ವೇ ಕೈಗೆ ಕೊಡುತ್ತದೆ. ನಿನ್ನ ಅಂಗಡಿಯಲ್ಲಿ ಆ ಗೇಟ್‌ವೇ ಅಂದರೆ ಮೂಲೆಯಲ್ಲಿ ಮಿಣಮಿಣ ಅನ್ನುವ ರೌಟರ್, 192.168.1.1.

ಕೋಡಿನ ಮಾತು ಬಂತೆಂದು ಇನ್ನೊಂದು ಹೇಳುತ್ತೇನೆ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದರು, ಆಮೇಲೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಇಷ್ಟೆಲ್ಲ ಓಡಾಡಿದರೂ ಅದರ 08398 ಅಲುಗಲಿಲ್ಲ, 583131 ಪಿನ್‌ಕೋಡೂ ಅಲುಗಲಿಲ್ಲ. ತಂತಿಗೆ ಜಿಲ್ಲೆಯ ಗಡಿ ತಿಳಿಯುವುದಿಲ್ಲ.

ನೀನು ಕೇಳಿದ್ದೆ, ‘ನನ್ನ ಅಂಗಡಿಯ ನಂಬರೂ ಹಡಗಲಿಯ ಗೆಳತಿಯ ಮನೆಯ ನಂಬರೂ ಒಂದೇ ಇದೆಯಲ್ಲ, ಜಗಳ ಆಗಲ್ವಾ?’ ಎಂದು. ಒಳ್ಳೆಯ ಪ್ರಶ್ನೆ. 1981ರಲ್ಲಿ ಈ ವಿಳಾಸದ ಲೆಕ್ಕ ಹಾಕಿದವರು ಒಟ್ಟು ಸುಮಾರು 429 ಕೋಟಿ ನಂಬರು ಇಟ್ಟರು. ಸಾಕಾಗಲಿಲ್ಲ. ನಮ್ಮ ಏಷ್ಯಾ ಭಾಗಕ್ಕೆ 2011ರ ಏಪ್ರಿಲ್‌ನಲ್ಲೇ ಕಣಜದ ತಳ ಕಂಡಿತು. ಅಷ್ಟರಲ್ಲಿ ಒಂದು ಉಪಾಯ ಚಾಲ್ತಿಗೆ ಬಂದಿತ್ತು: 192.168ರಿಂದ ಶುರುವಾಗುವುದು, 10ರಿಂದ ಶುರುವಾಗುವುದು, ಇಂಥ ಕೆಲವು ನಂಬರುಗಳನ್ನು ಯಾರು ಬೇಕಾದರೂ ಮನೆಯೊಳಗೆ ಇಟ್ಟುಕೊಳ್ಳಲಿ, ಹೊರಗೆ ಹೋಗುವಾಗ ಮಾತ್ರ ರೌಟರ್ ತನ್ನ ಹೆಸರಿನಲ್ಲಿ ಕಳಿಸಲಿ ಎಂದು. ಕೊಟ್ಟೂರಿನ ಪೇಟೆಯಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿ ನೋಡು, ಹತ್ತು ಜನ ತಿರುಗುತ್ತಾರೆ. ಆದರೂ ಯಾರ ಮನೆಯಲ್ಲೂ ತೊಂದರೆ ಇಲ್ಲ, ಏಕೆಂದರೆ ಮನೆಗೆ ಒಬ್ಬನೇ ಕೊಟ್ರೇಶ. ಒಂದೇ ಮನೆಯಲ್ಲಿ ಇಬ್ಬರಾದಾಗಲೇ ಫಜೀತಿ.

ಆ ಫಜೀತಿ ನಾನು ಅನುಭವಿಸಿದ್ದೇನೆ. ನಿವೃತ್ತನಾದ ಮೇಲೆ ಪರಿಚಯದವರ ಅಂಗಡಿಯ ಪ್ರಿಂಟರಿಗೆ ದೊಡ್ಡ ಜಾಣನಂತೆ 192.168.1.105 ಎಂದು ಕೈಯಿಂದ ಬರೆದು ಬಂದೆ. ರೌಟರ್ ಯಾವ ಯಾವ ನಂಬರು ಹಂಚುತ್ತಿದೆ ಎಂದು ನೋಡಿರಲಿಲ್ಲ. ಒಂದು ವಾರ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಪ್ರಿಂಟರ್ ಹಚ್ಚುವ ಮೊದಲೇ ಗಿರಾಕಿ ಹುಡುಗನೊಬ್ಬ ವೈಫೈ ಹಾಕಿಸಿಕೊಂಡ. ರೌಟರ್ ಅವನ ಮೊಬೈಲಿಗೆ ಅದೇ 105 ಕೊಟ್ಟಿತು. ಆಮೇಲೆ ಪ್ರಿಂಟರ್ ಹಚ್ಚಿದರೆ ಕೂಗಿದಾಗ ಒಮ್ಮೆ ಇದು ಓ ಅನ್ನುತ್ತದೆ, ಒಮ್ಮೆ ಅದು. ಹಾಳೆ ಅರ್ಧ ಬಂದು ನಿಂತಿತು. ನಾನು ಕೇಬಲ್ ಬದಲಿಸಿದೆ, ಟೋನರ್ ಬಿಚ್ಚಿದೆ, ಊಟ ಬಿಟ್ಟೆ. ಆ ಹುಡುಗ ಕೂಡ್ಲಿಗಿ ಬಸ್ ಹತ್ತಿದ ಮೇಲೆ ತಾನಾಗಿ ಸರಿಹೋಯಿತು! ಕಾರಣ ಹೊಳೆದದ್ದು ರಾತ್ರಿ ಮಲಗಿದಾಗ.

ಆದ್ದರಿಂದ ನೀನು ಮೊದಲು ರೌಟರ್‌ನ ಪುಟ ತೆರೆದು ಡಿಎಚ್‌ಸಿಪಿ ಎಂಬಲ್ಲಿ ನೋಡು. ಅದು ನಂಬರು ಹಂಚುವ ಜಾಗ. 100ರಿಂದ 150ರವರೆಗೆ ಮಾತ್ರ ಹಂಚು ಎಂದು ಕಟ್ಟುಮಾಡು. ಪ್ರಿಂಟರಿಗೆ ಅದರಾಚೆಯ 192.168.1.200 ಕೊಡು, ಮಾಸ್ಕ್ 255.255.255.0, ಗೇಟ್‌ವೇ 192.168.1.1. ಕೊನೆಗೆ 0 ಅಥವಾ 255 ಬರುವಂತೆ ಯಾರಿಗೂ ಕೊಡಬೇಡ. ಸೊನ್ನೆ ಇಡೀ ಓಣಿಯ ಹೆಸರು, 255 ಡಂಗುರದ ನಂಬರು, ಅದಕ್ಕೆ ಕಳಿಸಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಪ್ರಿಂಟರ್‌ನ ಪೋರ್ಟಿಗೂ ಇದೇ 200 ಬರೆ. ಇದನ್ನು ಮರೆತರೆ ಮತ್ತೆ ಮುನ್ನೂರು ರೂಪಾಯಿ.

ನಂಬರು ಕೊಡುವ ಮೊದಲು ಪಿಂಗ್ ಮಾಡಿ ನೋಡು, ಅಂದರೆ ಕಂಪ್ಯೂಟರಿನಿಂದ ಆ ನಂಬರಿಗೆ ಒಮ್ಮೆ ಕೂಗಿಸು. ಉತ್ತರ ಬಂದರೆ ಅಲ್ಲಿ ಯಾರೋ ಇದ್ದಾರೆ. ಬರಲಿಲ್ಲವೆಂದು ಮನೆ ಖಾಲಿ ಎಂದುಕೊಳ್ಳಬೇಡ, ಬೀಗ ಹಾಕಿ ಜಾತ್ರೆಗೆ ಹೋಗಿರಲೂಬಹುದು. ಹಾಗಾಗಿಯೇ ಹಿಂದೆ ಎಕ್ಸ್‌ಚೇಂಜಿನಲ್ಲಿ ಯಾವ ಜೋಡಿ ತಂತಿ ಯಾರ ಮನೆಗೆ ಎಂದು ರಿಜಿಸ್ಟರ್ ಇಡುತ್ತಿದ್ದೆವು. ನೀನೂ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಗೋ. ಯಂತ್ರ, ನಂಬರು, ಕೊಟ್ಟ ದಿನ. ಪೆನ್ಸಿಲ್‌ನಲ್ಲಿ ಬರೆ.

ಕಂಪ್ಯೂಟರಿನ ನಂಬರು ಎಂದಾದರೂ 169.254ರಿಂದ ಶುರುವಾಗಿದ್ದರೆ ಅದಕ್ಕೆ ರೌಟರ್ ಸಿಕ್ಕಿಲ್ಲ, ತಾನೇ ಒಂದು ಹೆಸರಿಟ್ಟುಕೊಂಡಿದೆ ಎಂದು ತಿಳಿ. ಸೆಟ್ಟಿಂಗ್ ಕೆದಕಬೇಡ, ಮೊದಲು ಕೇಬಲ್ ನೋಡು. ಲ್ಯಾಪ್‌ಟಾಪಿಗೆ ಮಾತ್ರ ಕೈಯಿಂದ ನಂಬರು ಕೊಡಬೇಡ. ಅದು ನಿನ್ನ ಜೊತೆ ಊರೂರು ಸುತ್ತುವಂಥದ್ದು, ಹೋದಲ್ಲಿ ಸಿಕ್ಕ ನಂಬರು ಇಟ್ಟುಕೊಳ್ಳಲಿ.

ರೌಟರ್‌ನ ಹಿಂದಿನ ಕೇಬಲ್ಲಿನ ಕ್ಲಿಪ್ ಮುರಿದಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ ಎಂದೆಯಲ್ಲ, ಅದು ನನಗೆ ರಾತ್ರಿಯೆಲ್ಲ ಕೊರೆಯಿತು. ನನ್ನ ಕ್ರಿಂಪಿಂಗ್ ಟೂಲೂ ನಾಲ್ಕು ಹೊಸ ಕ್ಲಿಪ್ಪುಗಳೂ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ನಾಳೆ ನಿಮ್ಮ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ, ಬಸ್‌ಸ್ಟ್ಯಾಂಡಿಗೆ ಬಂದು ಇಸಕೋ. ನಿನ್ನ ದೊಡ್ಡಮ್ಮ ಅದರಲ್ಲೇ ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟಿದ್ದಾಳೆ. ಟೂಲಿಗೆ ಎಣ್ಣೆ ತಗಲಿದ್ದರೆ ಒರೆಸಿಕೊಂಡು ಕೆಲಸ ಶುರುಮಾಡು.

ಇಂತಿ ನಿನ್ನ
ದೊಡ್ಡಪ್ಪ