ಎಂ.ಎಸ್. ಮುಗಿಯುವ ಮೊದಲೇ ಬರುವ ಕಂತು

ಮಗಳ ಎಂಬಿಬಿಎಸ್ ಸಾಲದ ಬಡ್ಡಿಯನ್ನು ಮೊದಲ ತಿಂಗಳಿಂದಲೇ ಕಟ್ಟುತ್ತೇವೆ ಎಂದಾಗ, ‘ಈಗ್ಲೇ ಯಾಕ್ ಮೇಡಂ, ಕೋರ್ಸ್ ಮುಗೀಲಿ ಬಿಡಿ’ ಎಂದರು ಬ್ಯಾಂಕಿನವರು. ಹರಿಹರದಲ್ಲಿ ಯಜಮಾನರು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ, ನನ್ನೊಬ್ಬಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ಅಜ್ಜಿಗೆ ಆಪರೇಷನ್ ಆದಂದಿನಿಂದ ಇವಳದು ಒಂದೇ ಹಟ: ಸರ್ಜನ್ ಆಗಬೇಕು. ನೀಟ್ ಬರೆದು ದೂರದ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಗಿಟ್ಟಿಸಿದಳು.

ಲೆಕ್ಕ ನೋಡಿ. ಶುಲ್ಕ, ಹಾಸ್ಟೆಲ್ ಸೇರಿ ವರ್ಷಕ್ಕೆ 2.5 ಲಕ್ಷದಂತೆ ನಾಲ್ಕು ಕಂತಿನಲ್ಲಿ 10 ಲಕ್ಷ ಸಾಲ, ಬಡ್ಡಿ ಶೇ 10. ಕೋರ್ಸಿನ ಐದೂವರೆ ವರ್ಷ, ಮೇಲೊಂದು ವರ್ಷ ಮೊರಟೋರಿಯಂ, ಅಂದರೆ ಸಾಲ ತೀರಿಸುವುದಕ್ಕೆ ಬಿಡುವು. ಸರಳ ಬಡ್ಡಿಯೇ ಆದರೂ ಮೊದಲ ಕಂತಿನ ಮೇಲೆ 1,62,500, ಎರಡನೆಯದಕ್ಕೆ 1,37,500, ಮೂರನೆಯದಕ್ಕೆ 1,12,500, ನಾಲ್ಕನೆಯದಕ್ಕೆ 87,500. ಒಟ್ಟು 5 ಲಕ್ಷ. ಕಟ್ಟದಿದ್ದರೆ ಅದು ಅಸಲಿಗೆ ಸೇರಿ, 15 ವರ್ಷಕ್ಕೆ ಇಎಂಐ 16,119 ರೂಪಾಯಿ. ಕಟ್ಟುತ್ತ ಬಂದರೆ 10,746. ಮೊದಲೇ ಕಟ್ಟಿದ 5 ಲಕ್ಷ ಕಳೆದರೂ ಉಳಿಯುವುದು ಸುಮಾರು 4.67 ಲಕ್ಷ. ಮೊದಲ ವರ್ಷ ತಿಂಗಳಿಗೆ 2,083 ರೂಪಾಯಿ ಸಾಕು. ನಾಲ್ಕನೇ ವರ್ಷ 8,333. ಆಗ ನಿಜಕ್ಕೂ ಕಷ್ಟವಾಯಿತು.

ಅದಕ್ಕಾಗಿ ಅವಳ ಹೆಸರಿನ ‘ಮಕ್ಕಳ ಶಿಕ್ಷಣ ಪಾಲಿಸಿ’ ಸರೆಂಡರ್ ಮಾಡಿದೆವು. ಕಟ್ಟಿದ್ದಕ್ಕಿಂತ ಕಡಿಮೆ ಬಂತು. ಆ ನಷ್ಟಕ್ಕೆ ನನಗೆ ಬೇಸರವಿಲ್ಲ, ಇಂಥ ಪಾಲಿಸಿ ಮಾರುವವರ ಮೇಲೆ ಸಿಟ್ಟಿದೆ. ವಿಮೆ ಬೇಕಾದದ್ದು ದುಡಿಯುವವರ ಜೀವಕ್ಕೆ, ಮಗುವಿನ ಫೋಟೊ ಹಾಕಿದ ಕರಪತ್ರಕ್ಕಲ್ಲ. ನಮ್ಮ ಮನೆಗಳಲ್ಲೂ ಅಷ್ಟೆ, ಹೆಣ್ಣು ಹುಟ್ಟಿದ ವರ್ಷದಿಂದ ಮದುವೆಗೆಂದು ಬಂಗಾರ ಕೂಡಿಡುತ್ತೇವೆ. ಅವಳ ಓದಿಗೆಂದು ಒಂದು ಆರ್‌ಡಿ ತೆರೆಯಲು ಮಾತ್ರ ಕೈ ಬರುವುದಿಲ್ಲ.

ಬಂಗಾರ ಓದಿಗೆ ಒದಗಿದ್ದೂ ಉಂಟು. ಕಲಬುರಗಿಯ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕೊಳೆಗೇರಿಯಲ್ಲಿ ಬೆಳೆದು ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕಿಯಾದವರು. ಅವರ ವೈದ್ಯ ಶಿಕ್ಷಣಕ್ಕೆ ದುಡ್ಡಾಗಿದ್ದು ತಾಯಿಯ ತಾಳಿ. ಬಡವರ ಮನೆಗಳಲ್ಲಿ ಅಂದು ಬ್ಯಾಂಕು ಎಂದರೆ ಕೊರಳಿನ ಒಡವೆಯೇ. ಇಂದು ಸಾಲ ಸಿಗುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ನೆರವೂ ಉಂಟು. ಆದರೆ ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿರಬೇಕು. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಎಂಟು ವರ್ಷ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಯಾರೂ ಹೇಳದ ಮಾತೊಂದಿದೆ. ಎಂಬಿಬಿಎಸ್ ಮುಗಿಸಿದವರೆಲ್ಲ ಸರ್ಜನ್ ಅಲ್ಲ. ಮೇಲೆ ಮೂರು ವರ್ಷ ಎಂ.ಎಸ್. ಆಗಬೇಕು. ಕಂತು ಶುರುವಾಗುವುದು ಆರೂವರೆ ವರ್ಷಕ್ಕೆ, ಸರ್ಜನ್ ಆಗುವುದು ಎಂಟೂವರೆ ವರ್ಷಕ್ಕೆ, ಅದೂ ಪಿಜಿ ಸೀಟು ಮೊದಲ ಸಲಕ್ಕೇ ಸಿಕ್ಕರೆ. ನಡುವೆ ಕೈಯಲ್ಲಿರುವುದು ಸ್ಟೈಪೆಂಡ್ ಒಂದೇ. ಆ ದುಡ್ಡಿನಲ್ಲಿ 10,746 ಕಟ್ಟುವುದಕ್ಕೂ 16,119 ಕಟ್ಟುವುದಕ್ಕೂ ಬಹಳ ಅಂತರವಿದೆ.

ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಮ್ಯಾನೇಜರ್ ಅವರಿಗೆ ಎರಡು ಮಾತು ಕೇಳಿ: ಈಗಿಂದಲೇ ಬಡ್ಡಿ ಕಟ್ಟಿದರೆ ದರದಲ್ಲಿ ರಿಯಾಯಿತಿ ಎಷ್ಟು? ಮಗಳು ಎಂ.ಎಸ್.ಗೆ ಸೇರಿದರೆ ಕಂತು ಮುಂದೂಡುತ್ತೀರಾ? ಎರಡಕ್ಕೂ ಉತ್ತರವನ್ನು ಬರಹದಲ್ಲೇ ಪಡೆಯಿರಿ.