ಇಂದಿನ ಧಮ್ಮ ಚಿಂತನೆ: ಕೆಲಸ ಕೊಡುವವರು ಏನು ನೋಡುತ್ತಾರೆ?



ಧಮ್ಮ ಬಂಧುಗಳೇ, ಡಿಪ್ಲೊಮಾ, ಡಿಗ್ರಿ ಮುಗಿಸಿದ ನಮ್ಮ ಮಕ್ಕಳು ಕಡೇಚೂರಿನ ಕಾರ್ಖಾನೆಗಳಿಗೆ, ಬೆಂಗಳೂರು, ಹೈದರಾಬಾದಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಸಂದರ್ಶನಕ್ಕೆ ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಅವರು ಏನು ನೋಡ್ತಾರ?" ಕೆಲಸ ಬರುತ್ತದೆಯೇ, ಹೇಳಿದ ವೇಳೆಗೆ ಬರುತ್ತಾನೆಯೇ, ನಾಲ್ಕು ಜನರ ಜೊತೆ ಹೊಂದಿಕೊಳ್ಳುತ್ತಾನೆಯೇ, ನಂಬಬಹುದೇ, ಇಷ್ಟು ನೋಡುತ್ತಾರಪ್ಪ ಎನ್ನುತ್ತೇನೆ. ಇದು ನಿಜ, ಆದರೆ ಪೂರ್ತಿ ನಿಜವಲ್ಲ. ನಮ್ಮ ಕಡೆ ಹೆಸರು ಕೇಳಿದ ಮೇಲೆ ಇನ್ನೊಂದು ಮಾತು ಬರುತ್ತದಲ್ಲ, "ಯಾರ ಪೈಕಿ?" ಅಂತ, ಅದೇ ಮಾತು ದೊಡ್ಡ ಕಂಪನಿಗಳಲ್ಲಿ ಪ್ಯಾಂಟು ಶರ್ಟು ಹಾಕಿಕೊಂಡು ಬರುತ್ತದೆ.

ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಂಬ ಸಮಾಜಶಾಸ್ತ್ರಜ್ಞರು ದೆಹಲಿಯಲ್ಲಿ ನೇಮಕಾತಿ ಮಾಡುವ ಅಧಿಕಾರಿಗಳನ್ನು ಮಾತನಾಡಿಸಿ 2007ರಲ್ಲಿ ಲೇಖನ ಬರೆದರು. ಆ ಅಧಿಕಾರಿಗಳು ತಾವು ಪ್ರತಿಭೆಯನ್ನಷ್ಟೇ ನೋಡುತ್ತೇವೆ ಎಂದರು. ಅದೇ ಬಾಯಲ್ಲಿ ಕುಟುಂಬದ ಹಿನ್ನೆಲೆಯನ್ನೂ ಕೇಳುತ್ತೇವೆ ಎಂದರು. ತಂದೆ ಏನು ಮಾಡುತ್ತಾರೆ, ಮನೆಯಲ್ಲಿ ಯಾರು ಎಷ್ಟು ಓದಿದ್ದಾರೆ, ಎಂಥ ಊರಿನವರು ಎಂಬುದೆಲ್ಲ ಅವರಿಗೆ ಬೇಕು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ 4,808 ಅರ್ಜಿ ಕಳಿಸಿದ್ದರು. ಓದು ಸಮ, ಅನುಭವ ಸಮ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟೇ ಇತ್ತು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ, ಮೂರನೇ ಒಂದರಷ್ಟು.

ಬಾಬಾಸಾಹೇಬರಿಗೂ ಇದು ತಪ್ಪಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರನ್ನು 1917ರಲ್ಲಿ ಬರೋಡಾದ ಮಹಾರಾಜರೇ ಕರೆದು ನೌಕರಿ ಕೊಟ್ಟರು. ಧಣಿಗೆ ಅವರು ಬೇಕಾಗಿದ್ದರು, ಕಚೇರಿಗೆ ಬೇಕಾಗಿರಲಿಲ್ಲ. ಊರಲ್ಲಿ ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಕೆಲವೇ ದಿನಗಳಲ್ಲಿ ಅವರು ಮುಂಬೈಗೆ ವಾಪಸಾದರು.

ಈಗ ಭಗವಾನ್ ಬುದ್ಧರ ಸಂಘಕ್ಕೆ ಬನ್ನಿ. ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಇದ್ದ. ನಮಗೆ ಕುಲದ ಸೊಕ್ಕು ಜಾಸ್ತಿ, ಇವನಿಗೆ ಮೊದಲು ದೀಕ್ಷೆ ಕೊಡಿ, ನಾವು ಇವನಿಗೆ ನಮಸ್ಕರಿಸುವಂತಾಗಲಿ ಎಂದು ಕೇಳಿಕೊಂಡವರು ಆ ರಾಜಕುಮಾರರೇ. ಮುಂದೆ ಬುದ್ಧರ ಪರಿನಿರ್ವಾಣದ ನಂತರ ರಾಜಗೃಹದಲ್ಲಿ ಐನೂರು ಭಿಕ್ಖುಗಳು ಸೇರಿದಾಗ, ವಿನಯದ ನಿಯಮಗಳನ್ನು ಹೇಳುವ ಕೆಲಸ ಯಾರಿಗೆ ಬಂತು? ಉಪಾಲಿಗೆ. ವಿನಯವನ್ನು ಅವನಷ್ಟು ಬಲ್ಲವರು ಇರಲಿಲ್ಲ, ಅಷ್ಟೇ ಕಾರಣ. ಕನ್ನಡ ಮೇಷ್ಟ್ರಾಗಿ ಒಂದು ಮಾತು: ನೌಕರಿ ಜಾಹೀರಾತಿನ 'ಅರ್ಹತೆ' ಮತ್ತು ನಮ್ಮ 'ಅರಹಂತ', ಎರಡೂ ಒಂದೇ ಧಾತುವಿನಿಂದ ಬಂದವು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥನಿಗೆ ಆರು ದಿಕ್ಕುಗಳನ್ನು ವಿವರಿಸುವಾಗ ಕೆಳದಿಕ್ಕು ಎಂದರೆ ದುಡಿಯುವವರು ಎನ್ನುತ್ತಾರೆ. ಧಣಿಯ ಐದು ಕರ್ತವ್ಯಗಳಲ್ಲಿ ಮೊದಲನೆಯದು ಆಳಿನ ಶಕ್ತಿ ನೋಡಿ ಕೆಲಸ ಕೊಡುವುದು. ಆಮೇಲೆ ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ಅಡುಗೆ ಮಾಡಿದರೆ ಅದರಲ್ಲಿ ಪಾಲು, ವೇಳೆಗೆ ಸರಿಯಾಗಿ ಬಿಡುವು. ದುಡಿಯುವವನಿಗೂ ಐದು ಹೇಳಿದ್ದಾರೆ: ಧಣಿಗಿಂತ ಮೊದಲು ಏಳುವುದು, ಅವನ ನಂತರ ಮಲಗುವುದು, ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುವುದು, ಕೆಲಸ ಚೊಕ್ಕ ಮಾಡುವುದು, ಧಣಿಯ ಹೆಸರು ಕೆಡಿಸದಿರುವುದು. ಹತ್ತರಲ್ಲಿ ಒಂದು ಕಡೆಯೂ ಹುಟ್ಟಿನ ಮಾತಿಲ್ಲ.

ಧಣಿ ಎಂದ ಕೂಡಲೇ ನಾವು ಬೇರೆಯವರನ್ನು ನೆನೆಯುತ್ತೇವೆ. ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ನಮ್ಮವರಲ್ಲೂ ಕೆಲವರು ಹತ್ತಿ, ಭತ್ತ ಬೆಳೆಯುತ್ತಿದ್ದಾರೆ, ಹತ್ತಿ ಬಿಡಿಸಲು ಆಳು ಕರೆಯುತ್ತಾರೆ. ಯಾದಗಿರಿಯಲ್ಲಿ ಪಗಾರ ಬರುವ ನಮ್ಮಂಥವರು ಮನೆ ಕಟ್ಟಿಸಲು ಗೌಂಡಿಯನ್ನು, ಪಾತ್ರೆ ತಿಕ್ಕಲು ಹೆಣ್ಣುಮಗಳನ್ನು ಹುಡುಕುತ್ತೇವೆ. ಆಗ ನಾವು ಏನು ಕೇಳುತ್ತೇವೆ? ಎಡವೋ ಬಲವೋ ಎಂದು ಮೆಲ್ಲಗೆ ವಿಚಾರಿಸುವವರು ನಮ್ಮ ಓಣಿಯಲ್ಲಿ ಇಲ್ಲವೇ? ಬಾಬಾಸಾಹೇಬರ ಫೋಟೋ ಇರುವ ಮನೆಯಲ್ಲೇ ಕೆಲಸದವಳ ಚಹಾದ ಲೋಟ ಬೇರೆ ಇದ್ದರೆ, ದೆಹಲಿಯ ಅಧಿಕಾರಿಗಳನ್ನು ನಾವು ಯಾವ ಬಾಯಿಂದ ಬೈಯಬೇಕು? ಕಾಯಿಲೆ ಬಿದ್ದ ದಿನದ ಕೂಲಿ ಹಿಡಿಯುವುದು ಕೂಡ ಆ ಸುತ್ತಕ್ಕೆ ವಿರುದ್ಧವೇ.

ಇನ್ನು ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ. ಮನೆಯವರ ಬಗ್ಗೆ ಕೇಳಿದರೆ ತಡವರಿಸಬೇಡಿ, ಸುಳ್ಳೂ ಹೇಳಬೇಡಿ. ನಾಲ್ಕನೇ ಶೀಲ ಅಲ್ಲಿಗೂ ಅನ್ವಯಿಸುತ್ತದೆ. "ಅಪ್ಪ, ಅವ್ವ ಕೂಲಿ ಮಾಡ್ತಾರೆ, ಮನೆಯಲ್ಲಿ ಮೊದಲು ಓದಿದವನು ನಾನು" ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಮರುಮಾತಿನಲ್ಲೇ ನೀವು ಮಾಡಿರುವ ಕೆಲಸಕ್ಕೆ ಬನ್ನಿ: ಯಾವ ಯಂತ್ರ ನಡೆಸಿದ್ದೀರಿ, ಯಾವ ಲೆಕ್ಕ ಇಟ್ಟಿದ್ದೀರಿ, ಎಷ್ಟು ದಿನ. ಗುತ್ತಿಗೆ ಕೆಲಸವಾದರೆ ಪಗಾರ, ಪಿ.ಎಫ್., ರಜೆ ಎಷ್ಟೆಂದು ಕೇಳಿಕೊಂಡೇ ಸಹಿ ಮಾಡಿ. ಅವರು ನಿಮ್ಮನ್ನು ನೋಡುವಂತೆ ನೀವೂ ಅವರನ್ನು ನೋಡಬೇಕು.

ಭಾನುವಾರ ಸಂಜೆ ಸಿಗಾಲೋವಾದ ಸುತ್ತವನ್ನು ಪೂರ್ತಿ ಓದೋಣ. ಅರ್ಜಿ ಹಾಕಿರುವ ಮಕ್ಕಳು ಅರ್ಧ ತಾಸು ಮೊದಲೇ ಬಂದರೆ ಅವರ ಬಯೋಡೇಟಾ ತಿದ್ದಿಕೊಡುತ್ತೇನೆ.

ಭವತು ಸಬ್ಬ ಮಂಗಲಂ.